ಜಿಂಕೆಗೆ ಬಿತ್ತಿದ ಚಳಿಗಾಲ

ಮೊನ್ನೆ ಸಂಜೆ ಮಸ್ಕತ್ತಿನ ಅಲ್ ಖುವೈರ್ ದಾಟುವಾಗ ಹೆದ್ದಾರಿಯಲ್ಲಿ ಗಾಡಿಗಳು ಸಾಲಾಗಿ ನಿಂತುಬಿಟ್ಟವು. ನಮ್ಮ ಮುಂದಿದ್ದದ್ದು ಹಸಿ ಮೇವು ಹೇರಿಕೊಂಡ ಲಾರಿ. ಆಗತಾನೇ ಕೊಯ್ದ ಕುದುರೆ ಮೆಂತ್ಯದ ವಾಸನೆ ಕಾರಿನೊಳಗೆಲ್ಲ ತುಂಬಿಕೊಂಡಿತು.

"ಗ್ಲಾಸ್ ಏರಿಸ್ಲಾ?" ಎಂದರು ನನ್ನ ಗಂಡ ಪ್ರಸನ್ನ.

"ಬೇಡ, ಇರ್ಲಿ ಬಿಡಿ."

ಇರಲಿ ಎಂದೆನೇ ಹೊರತು ಆ ವಾಸನೆ ನನಗೆ ಹಿತವಾಗಿರಲಿಲ್ಲ. ಈಗಲೂ ಅದು ಮೂಗಿಗೆ ಬಡಿದರೆ ಕಣ್ಣು ತಾನಾಗಿಯೇ ಕಟ್ಟಡಗಳ ಹಿಂದಿನ ಬೋಳುಗುಡ್ಡಗಳ ಕಡೆ ಹೋಗುತ್ತದೆ, ಅಲ್ಲೇನಾದರೂ ಅಲುಗುತ್ತಿದೆಯೇ ಎಂದು ಹುಡುಕುತ್ತದೆ. ಜಿಂಕೆಗಳಿಗಾಗಿ ಬಿತ್ತನೆ ಮಾಡಿದ ಆ ಒಂದು ಚಳಿಗಾಲ ಕಳೆದು ಕೆಲವು ವರ್ಷಗಳೇ ಆದವು. ಅದರ ಅಂಜಿಕೆ ಮಾತ್ರ ಪೂರ್ತಿ ನನ್ನನ್ನು ಬಿಟ್ಟಿಲ್ಲ.

ಕೋವಿಡ್ ಗಲಾಟೆ ತಣ್ಣಗಾದ ಕಾಲ ಅದು. ಅಲ್ ಖೌದ್‌ನಲ್ಲಿ ನಮ್ಮ ಫ್ಲ್ಯಾಟಿನ ಹಿಂದಿನ ರಸ್ತೆಯಲ್ಲಿದ್ದ ನರ್ಸರಿಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಮೈಸೂರಿನಲ್ಲಿದ್ದಾಗ ತೋಟಗಾರಿಕೆ ಓದಿದವಳು ನಾನು. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ಬಾಲ್ಕನಿಯ ಕರಿಬೇವಿನ ಗಿಡವನ್ನು ಬದುಕಿಸಿಕೊಳ್ಳುವುದು ಬಿಟ್ಟರೆ ಆ ಓದು ಇನ್ನಾವುದಕ್ಕೂ ಒದಗಿರಲಿಲ್ಲ. ನರ್ಸರಿಯಲ್ಲಿ ಬೋಗನ್‌ವಿಲ್ಲಾ, ಮಲ್ಲಿಗೆ, ನಿಂಬೆ ಸಸಿ ಮಾರಿಕೊಂಡು ಕೂತಿದ್ದಾಗ ಒಂದು ಬೆಳಿಗ್ಗೆ ಕೋಲೂರಿಕೊಂಡು ಒಬ್ಬ ಒಮಾನಿ ಮುದುಕರು ಬಂದರು. ಬಿಳಿ ದಿಶ್‌ದಾಶ ನಿಲುವಂಗಿ, ತಲೆಗೆ ಸುತ್ತಿದ ಮಾಸಲು ಬಣ್ಣದ ಮಸ್ಸಾರ್. ಹರೆಯದಲ್ಲಿ ಖರ್ಜೂರದ ವ್ಯಾಪಾರಕ್ಕೆಂದು ಮುಂಬಯಿಗೆ ಓಡಾಡಿದವರಂತೆ, ಸಲೀಸಾಗಿ ಹಿಂದಿ ಮಾತಾಡುತ್ತಿದ್ದರು.

"ಗಜಾಲ್ ಬರಬೇಕು ಅಂದರೆ ಏನು ಬಿತ್ತಬೇಕು?" ಎಂದು ಕೇಳಿದರು. ಗಜಾಲ್ ಎಂದರೆ ಇಲ್ಲಿನ ಗುಡ್ಡಗಳ ಪುಟ್ಟ ಜಿಂಕೆ, ಕಂದು ಮೈ, ಪಕ್ಕೆಗೆ ಕಪ್ಪು ಪಟ್ಟೆ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಹೊಲ ಹುಣಸೂರಿನ ಆಚೆ ಕಾಡಂಚಿನಲ್ಲಿದೆ. ಅವರೆ ಹೂವಿಗೆ ಬರುವ ಹೊತ್ತಿಗೆ ಸರಿಯಾಗಿ ಜಿಂಕೆ ಹಿಂಡು ಇಳಿಯುತ್ತಿತ್ತು. ಡಬ್ಬ ಬಡಿದು, ಗಂಟಲು ಹರಿಯುವಂತೆ ಕೂಗಿ ಓಡಿಸುವುದು ಮನೆಯ ಮಕ್ಕಳೆಲ್ಲರ ಪಾಲಿನ ಕೆಲಸವಾಗಿತ್ತು. "ಜಿಂಕೆ ಏನು ತಿನ್ನುತ್ತದೆ ಅಂತ ನನ್ನನ್ನೇ ಕೇಳಬೇಕು ನೀವು. ನಮ್ಮ ಮನೆಯದನ್ನೆಲ್ಲ ಅವೇ ತಿಂದಿರೋದು" ಎಂದೆ.

ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಗುಡ್ಡಗಳ ಬುಡದಲ್ಲಿ ಅವರದೊಂದು ಜಮೀನಿದೆ. ಬೇಟೆಗೆ ನಿಷೇಧವಿಲ್ಲದ ಕಾಲದಲ್ಲಿ ಅದು ಅವರ ತಂದೆಯ ಬೇಟೆಯ ನೆಲ. "ಅಪ್ಪ ಹೊಡೆದರು. ಆಮೇಲೆ ನಾನು ಹೊಡೆದೆ. ಅತಿಥಿ ಬಂದರೆ ಹೊಡೆದೆವು, ಹಬ್ಬ ಬಂದರೆ ಹೊಡೆದೆವು. ಕೊನೆಗೆ ಹೊಡೆಯಲು ಏನೂ ಉಳಿಯಲಿಲ್ಲ. ಈಗ ಗುಡ್ಡದ ಆಚೆ ಕೆಲವು ಇವೆಯಂತೆ. ನನ್ನ ಕಣ್ಣು ಮಂಜಾಗುತ್ತಿದೆ. ಅದಕ್ಕೆ ಮೊದಲು ಅವು ಒಮ್ಮೆ ನನ್ನ ನೆಲಕ್ಕೆ ಬರಬೇಕು."

ಅವರ ಹೆಸರು ನಾಸಿರ್. ಕೆಲಸದವರೆಲ್ಲ ಕರೆಯುವಂತೆ ನಾನೂ ಅರ್ಬಾಬ್, ಅಂದರೆ ಯಜಮಾನರು, ಎಂದೇ ಕರೆಯತೊಡಗಿದೆ. ನರ್ಸರಿಯವರ ಒಪ್ಪಿಗೆ ಪಡೆದು, ವಾರದಲ್ಲಿ ಮೂರು ಬೆಳಿಗ್ಗೆ ಅವರ ಜಮೀನಿಗೆ ಹೋಗುವ ಏರ್ಪಾಡಾಯಿತು.

ನನ್ನನ್ನು ಕರೆದೊಯ್ಯಲು ಬರುತ್ತಿದ್ದವರು ಅಬ್ದುಲ್ ರಹಿಮಾನ್. ವಿಟ್ಲದ ಕಡೆಯ ಬ್ಯಾರಿ. ಊರಲ್ಲಿ ಎಲ್ಲರೂ ಅದ್ರಾಮ ಎನ್ನುತ್ತಾರೆ ಎಂದು ಅವರೇ ಹೇಳಿದ ಮೇಲೆ ನನಗೆ ಅವರು ಅದ್ರಾಮಣ್ಣ ಆದರು. ಅರ್ಬಾಬರ ಜಮೀನಿನಲ್ಲೇ ಅವರ ವಾಸ. ಪಂಪು, ಗಾಡಿ, ಖರ್ಜೂರದ ಮರಗಳು ಎಲ್ಲವೂ ಅವರ ಕೈಯಲ್ಲೇ. ಚಳಿಗಾಲದ ಕೊನೆಗೆ ಊರಿಗೆ ಹೋಗಲು ಟಿಕೆಟ್ ತೆಗೆದಿಟ್ಟಿದ್ದರು, ಮಗಳ ಚೊಚ್ಚಲ ಹೆರಿಗೆಗೆಂದು. "ನನ್ನ ಮೂರು ಮಕ್ಕಳು ಹುಟ್ಟುವಾಗ್ಲೂ ನಾನು ಇಲ್ಲೇ ಇದ್ದದ್ದು ಅಕ್ಕ. ಈ ಸಲ ಆದ್ರೂ ಆಸ್ಪತ್ರೆ ಬಾಗಿಲಲ್ಲಿ ನಿಲ್ಬೇಕು ಅಂತ ಉಂಟು" ಎನ್ನುತ್ತಿದ್ದರು.

ಜಮೀನಿನ ಮೂರು ಕಡೆ ತಂತಿ ಬೇಲಿ ಇತ್ತು. ಗುಡ್ಡದ ಕಡೆ ಮಾತ್ರ ಬಯಲು. ಒಂದು ಪಕ್ಕಕ್ಕೆ ವಾದಿ, ಮಳೆ ಬಂದಾಗ ಮಾತ್ರ ನೀರು ಕಾಣುವ ಕಲ್ಲುಹೊಳೆ. ಅದರ ಪಕ್ಕದಲ್ಲೇ ಡಾಂಬರು ರಸ್ತೆ. ಆ ರಸ್ತೆ ಅಷ್ಟು ಹತ್ತಿರವಿದೆ ಎಂಬುದು ಮೊದಲ ದಿನ ನನ್ನ ಗಮನಕ್ಕೂ ಬರಲಿಲ್ಲ. ನಾನು ನೋಡುತ್ತಿದ್ದದ್ದು ವಾದಿಯ ದಡದಲ್ಲಿದ್ದ ದೊಡ್ಡ ಮರವನ್ನು. ಇಲ್ಲಿನವರು ಗಾಫ್ ಎನ್ನುತ್ತಾರೆ, ನಮಗದು ಬನ್ನಿ. ನಾವು ಬಿತ್ತನೆಗೆ ಇಳಿದದ್ದು ಸರಿಯಾಗಿ ವಿಜಯದಶಮಿಯ ದಿನ. ನಾಲ್ಕು ಎಲೆ ಕಿತ್ತು ಅದ್ರಾಮಣ್ಣನ ಕೈಗೂ ಅರ್ಬಾಬರ ಕೈಗೂ ಕೊಟ್ಟೆ. "ಇದು ಆಡಿನ ಮೇವಲ್ಲವೇ?" ಎಂದು ಅರ್ಬಾಬ್ ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ಜೇಬಿಗೆ ಹಾಕಿಕೊಂಡರು.

ಬಾರ್ಲಿ, ಅಲಸಂದೆ, ಕುದುರೆ ಮೆಂತ್ಯ ಮೂರನ್ನೂ ಪಟ್ಟಿ ಪಟ್ಟಿಯಾಗಿ ಬಿತ್ತಿದೆವು. ಬಾರ್ಲಿ ಬೇಗ ಏಳುತ್ತದೆ, ದೂರದಿಂದ ಹಸಿರು ಕಾಣಿಸುತ್ತದೆ. ಅಲಸಂದೆ ಚಳಿ ಏರುವ ಮುಂಚೆ ಎಲೆ ಕೊಡುತ್ತದೆ. ಕುದುರೆ ಮೆಂತ್ಯ ಬೇರೂರಿದರೆ ಬೇಸಿಗೆಯವರೆಗೂ ಚಿಗುರುತ್ತದೆ. ಡ್ರಿಪ್ ಪೈಪು ಎಳೆದೆವು. ಗುಡ್ಡದ ಬದಿಗೆ ಒಂದು ಸಿಮೆಂಟಿನ ತೊಟ್ಟಿ ಕಟ್ಟಿ ನೀರು ಬಿಟ್ಟೆವು.

ಆಮೇಲೆ ಶುರುವಾಯಿತು ಕಾಯುವ ಸಂಕಟ. ನೀರು ಸ್ವಲ್ಪ ಸವಳು. ಅಲಸಂದೆಯ ಎಲೆಯಂಚು ಸುಟ್ಟಂತಾಗಿ ಕೆಂಪಾಯಿತು. ಒಂದು ದಿನ ಎದ್ದ ಗಾಳಿಗೆ ಬಾರ್ಲಿಯ ಮೊಳಕೆಗಳೆಲ್ಲ ಧೂಳಿನಡಿ ಮಲಗಿದವು. ಅವನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಗುಡ್ಡದ ಕಡೆಯಿಂದ ಯಾರದೋ ಆಡುಗಳು ನುಗ್ಗಿ ಒಂದು ಪಟ್ಟಿಯನ್ನು ನೆಲಮಟ್ಟಕ್ಕೆ ಮೇಯ್ದವು. ನಾನು ಹೋದ ಬೆಳಿಗ್ಗೆಗಳಲ್ಲೆಲ್ಲ ಬಗ್ಗಿ ಮಣ್ಣು ನೋಡುತ್ತಿದ್ದೆ. ಆಡಿನ ಗೊರಸು, ಕತ್ತೆಯ ಗೊರಸು, ನರಿಯ ಹೆಜ್ಜೆ. ಬೇಕಾದದ್ದು ಮಾತ್ರ ಇಲ್ಲ.

ನಾನು ಜಮೀನಿಗೆ ಹೋಗದ ದಿನವೂ ಅರ್ಬಾಬ್ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. "ಕುಛ್ ಆಯಾ?" ಏನಾದರೂ ಬಂತಾ, ಅಷ್ಟೇ. ಇಲ್ಲ ಎಂದರೆ, "ಇನ್‌ಶಾ ಅಲ್ಲಾ" ಎಂದು ಇಟ್ಟುಬಿಡುತ್ತಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತು. ಅರ್ಬಾಬ್ ಮತ್ತು ಅದ್ರಾಮಣ್ಣ, ಆ ಇಬ್ಬರ ನಂಬಿಕೆ ನನ್ನ ಹೆಗಲ ಮೇಲೆ ಕೂತಂತಿತ್ತು. ಮಗಳಿಗೆ ಶಾಲೆಯ ಡಬ್ಬಿ ಕಟ್ಟುತ್ತಿದ್ದಾಗ ಫೋನ್ ಗುಂಯ್ ಎಂದರೆ ನನ್ನ ಕೈ ನಿಲ್ಲುತ್ತಿತ್ತು.

ಚಳಿ ಬಲಿಯುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಅದ್ರಾಮಣ್ಣ ಗಾಡಿಯನ್ನು ಗೇಟಿನ ಬಳಿಯೇ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. ಬೆರಳೊಂದನ್ನು ಮಾತ್ರ ಸ್ಟೇರಿಂಗ್ ಮೇಲಿಂದ ಎತ್ತಿ ತೋರಿಸಿದರು.

ಕುದುರೆ ಮೆಂತ್ಯದ ಪಟ್ಟಿಯ ಕೊನೆಯಲ್ಲಿ ಒಂದು ತಲೆ. ಕೊಂಬು ನೇರ, ಕಿವಿ ಎರಡೂ ನಮ್ಮ ಕಡೆಗೆ. ಅದರ ಹಿಂದೆ ಇನ್ನೊಂದು. ಮೊದಲು ಕಲ್ಲೆಂದುಕೊಂಡದ್ದು ಬಾಲ ಅಲುಗಿಸಿತು, ಅದು ಮೂರನೆಯದು. ನಾನು ಉಸಿರು ಬಿಟ್ಟ ಸದ್ದಿಗೋ ಏನೋ, ಮೂರೂ ಒಮ್ಮೆಗೇ ನೆಲದಿಂದ ಚಿಮ್ಮಿ ಗುಡ್ಡದ ಕಲ್ಲುಗಳೊಳಗೆ ಕರಗಿಹೋದವು. ಎಷ್ಟೋ ವರ್ಷ ಜಿಂಕೆ ಓಡಿಸಿದವಳಿಗೆ ಅವು ಓಡಿಹೋದವಲ್ಲ ಎಂದು ಅಳು ಬಂತು.

"ನೀವು ಹೇಳಿ, ನೀವು ಹೇಳಿ" ಎಂದು ಅದ್ರಾಮಣ್ಣ ಫೋನನ್ನು ನನ್ನ ಕೈಗೆ ತುರುಕಿದರು. ನಾನು ಅರ್ಬಾಬರಿಗೆ ಹೇಳಿದೆ.

ಮಾರನೆಯ ದಿನದಿಂದ ಅರ್ಬಾಬ್ ಬೆಳಕು ಹರಿಯುವ ಮುಂಚೆಯೇ ಎದ್ದು ನಮ್ಮ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತು ಜಮೀನಿಗೆ ಬರತೊಡಗಿದರು. ಬೈನಾಕ್ಯುಲರ್ ಹಿಡಿದರೂ ಅವರಿಗೆ ಅಲುಗುವ ಕಂದು ಚುಕ್ಕೆಗಳಷ್ಟೇ ಕಾಣುತ್ತಿದ್ದವು. ಉಳಿದದ್ದನ್ನು ನಾವು ಹೇಳಬೇಕು. ಯಾವುದು ಮುಂದಿದೆ, ಯಾವುದು ಕುಂಟುತ್ತಿದೆ, ಮರಿ ಇದೆಯೇ, ನೀರು ಕುಡಿಯುತ್ತಿವೆಯೇ. ಹಿಂಡು ದಿನದಿಂದ ದಿನಕ್ಕೆ ದೊಡ್ಡದಾಯಿತು. ಖುಷಿಪಡಬೇಕಾದ ದಿನಗಳವು. ಆ ಖುಷಿ ಎಷ್ಟು ದಿನ ಇತ್ತೋ, ನನಗೆ ನೆನಪಿರುವುದು ಅದು ಮುರಿದ ಗಳಿಗೆ ಮಾತ್ರ.

ಪಿಕಪ್ ಗೇಟಿನೊಳಗೆ ಹೊಕ್ಕಿತು. ಜಿಂಕೆಗಳು ಮೇಯುತ್ತಿದ್ದವು. ಒಂದೂ ತಲೆ ಎತ್ತಲಿಲ್ಲ.

"ನಮ್ಮ ಗಾಡಿ ಸದ್ದು ಗೊತ್ತುಂಟು ಅಕ್ಕ ಅವಕ್ಕೆ" ಎಂದರು ಅದ್ರಾಮಣ್ಣ, ಮುಖವರಳಿಸಿ. "ಈ ಗಾಡಿ ಬಂದ್ರೆ ತೊಟ್ಟಿಗೆ ನೀರು ಬರ್ತದೆ ಅಂತ ಗೊತ್ತುಂಟು. ನೋಡಿ, ಆ ಕುಂಟ ಈ ಕಡೆಗೇ ಬರ್ತಾ ಉಂಟು."

ಕುಂಟ ಗಂಡು ನಿಜಕ್ಕೂ ನಮ್ಮ ಕಡೆ ನಡೆದು ಬರುತ್ತಿತ್ತು. ನಮ್ಮದು ಬಿಳಿ ಪಿಕಪ್. ಆ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಬಿಳಿ ಪಿಕಪ್.

"ಹಾರ್ನ್ ಹೊಡೀರಿ ಅದ್ರಾಮಣ್ಣ."

"ಎಂತಕ್ಕೆ ಅಕ್ಕ? ಅವು ಓಡ್ತಾವೆ."

"ಓಡ್ಲಿ."

ಅವರು ಹೊಡೆದದ್ದು ಕೋಳಿಮರಿಯನ್ನು ಹುಶ್ ಎಂದ ಹಾಗೆ, ಸಣ್ಣಗೆ ಒಮ್ಮೆ. ಜಿಂಕೆಗಳು ಕಿವಿಯಾಡಿಸಿ ಮತ್ತೆ ಮೇಯತೊಡಗಿದವು. ಕದ್ದು ಬೇಟೆಯಾಡುವವರ ಗಾಡಿ ಕಂಡರೂ ಇವು ಓಡುವುದಿಲ್ಲ ಎಂದು ಅರ್ಬಾಬರಿಗೆ ನನ್ನ ಭಯ ಹೇಳಿದೆ. "ನನ್ನ ಜಮೀನಿನ ಒಳಗೆ ಯಾರು ಬರುತ್ತಾರೆ? ಎಲ್ಲರೂ ನನ್ನನ್ನು ಬಲ್ಲವರು" ಎಂದು ತಳ್ಳಿಹಾಕಿದರು.

ಎಲ್ಲರೂ ಬಲ್ಲವರಾಗಿರಲಿಲ್ಲ. ರಸ್ತೆಯ ಪಕ್ಕದಲ್ಲಿ ಗಾಡಿಗಳು ನಿಲ್ಲತೊಡಗಿದವು. ರಜೆಯ ದಿನಗಳಲ್ಲಿ ಸಂಸಾರ ಸಮೇತ ಬಂದವರು ಇಳಿದು ಬೇಲಿಯ ಹೊರಗಿನಿಂದ ಫೋನ್ ಎತ್ತಿ ಹಿಡಿಯುತ್ತಿದ್ದರು. ಕೆಟ್ಟವರಲ್ಲ ಪಾಪ. ನಾನೇ ಆದರೂ ನಿಲ್ಲಿಸುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಮಗಳು ಅನನ್ಯಾ ಶಾಲೆಯಿಂದ ಬಂದವಳೇ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಅಮ್ಮಾ, ಈಸ್ ದಿಸ್ ಯುವರ್ ಫಾರ್ಮ್?"

ವಾಟ್ಸ್ಯಾಪಿನಲ್ಲಿ ಎಷ್ಟೋ ಸಲ ಫಾರ್ವರ್ಡ್ ಆಗಿ ಬಂದ ವಿಡಿಯೊ. ಹಸಿರು ಪಟ್ಟಿಗಳು, ಹಿಂಡು, ಹಿಂದೆ ನಮ್ಮ ಬನ್ನಿ ಮರ. ಕೆಳಗೆ ಯಾರೋ ಜಾಗದ ಮ್ಯಾಪ್ ಕೂಡ ಹಾಕಿದ್ದರು.

"ಸೋ ಕ್ಯೂಟ್ ಅಲ್ವಾ?" ಎಂದಳು. ನಾನು ಆ ಮ್ಯಾಪನ್ನೇ ದೊಡ್ಡದು ಮಾಡಿ ನೋಡುತ್ತಿದ್ದುದನ್ನು ಕಂಡು, "ಆರ್ ದೇ ಸೇಫ್ ದೇರ್?" ಎಂದಳು.

ಊಟ ಸೇರಲಿಲ್ಲ. ಪ್ರಸನ್ನ ಆಫೀಸಿನಿಂದ ಬಂದ ಮೇಲೆ ಅವರಿಗೂ ತೋರಿಸಿದೆ. "ನೀನು ಬೆಳೆ ತಜ್ಞೆ, ಕಾವಲುಗಾರ್ತಿ ಅಲ್ಲ ಶೈಲಾ. ಅವರ ಜಮೀನು, ಅವರು ನೋಡ್ಕೋತಾರೆ" ಎಂದರು. ಮಾತು ಸರಿಯೇ. ಆದರೆ ಜಿಂಕೆಯನ್ನು ಅಲ್ಲಿಗೆ ಕರೆದದ್ದು ಜಮೀನಲ್ಲ, ನಾನು.

ಅದಾದ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಗೇಟಿನ ಬೀಗ ಮುರಿದಿತ್ತು. ಬಾರ್ಲಿಯ ಮೇಲೆ ಟೈರಿನ ಗುರುತು, ಮಲಗಿಹೋದ ತೆನೆಗಳು. ಪಟ್ಟಿಯ ತುದಿಯಲ್ಲಿ ಒಣಗಿ ಕಪ್ಪಾದ ರಕ್ತ, ಅಲ್ಲಿಂದ ಟೈರಿನ ಗುರುತಿನವರೆಗೆ ಏನನ್ನೋ ಎಳೆದುಕೊಂಡು ಹೋದ ಗೆರೆ. ಅದ್ರಾಮಣ್ಣ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತರು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಉಳಿದ ಜಿಂಕೆಗಳು ಗುಡ್ಡದ ಬುಡದಲ್ಲೇ ಇದ್ದವು. ನಮ್ಮ ಪಿಕಪ್ಪನ್ನು ಕಂಡು, ಒಂದೊಂದಾಗಿ, ನೀರಿಗೆಂದು ಇಳಿದು ಬಂದವು. ಕುಂಟ ಅವುಗಳಲ್ಲಿ ಇರಲಿಲ್ಲ.

ಅರ್ಬಾಬರಿಗೆ ರಕ್ತ ಕಾಣಲಿಲ್ಲ. ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು. "ರೇಂಜರ್‌ಗಳಿಗೆ ಫೋನ್ ಮಾಡಿ" ಎಂದರು.

"ಅರ್ಬಾಬ್" ಎಂದು ಅದ್ರಾಮಣ್ಣ ಎದ್ದು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಅಕ್ಕ, ನೀವು ಹೇಳಿ ಅವರಿಗೆ. ಇಲ್ಲಿ ಇರುದು ನಾನೊಬ್ಬ. ಗಾಡಿ ಇರುದು ನನ್ನ ಕೈಯಲ್ಲಿ. ಫಸ್ಟು ಕೇಳುದು ನನ್ನನ್ನೇ. ಕೇಸು ಅಂತ ಆದ್ರೆ ಊರಿಗೆ ಬಿಡ್ತಾರಾ? ಮಗಳಿಗೆ ದಿನ ಹತ್ರ ಬಂತು."

"ನಿಮ್ಮದೇನೂ ತಪ್ಪಿಲ್ಲವಲ್ಲ ಅದ್ರಾಮಣ್ಣ."

"ತಪ್ಪಿಲ್ಲ ಅಂತ ನಿಮಗೆ ಗೊತ್ತುಂಟು, ನನಗೆ ಗೊತ್ತುಂಟು. ಅವರಿಗೆ ಗೊತ್ತಾಗ್ಲಿಕ್ಕೆ ಎಷ್ಟು ದಿನ ಬೇಕೋ?"

ಸುಮ್ಮನಿದ್ದರೆ ನಾಳೆ ಇನ್ನೊಂದು ಗೆರೆ ಬೀಳುತ್ತದೆ. ಫೋನ್ ಮಾಡಿದರೆ ಈ ಮನುಷ್ಯನ ಟಿಕೆಟ್ ಬರಿಯ ಕಾಗದವಾಗುತ್ತದೆ. ಅರ್ಬಾಬರಿಗೆ ಕನ್ನಡ ಬಾರದಿದ್ದರೂ ವಿಷಯ ಅರ್ಥವಾಗಿತ್ತು. ಅದ್ರಾಮಣ್ಣನ ಭುಜ ಹಿಡಿದು, "ನೀನು ಎಲ್ಲಿ ಕೂರುತ್ತೀಯೋ ನಾನೂ ಅಲ್ಲೇ ಕೂರುತ್ತೇನೆ" ಎಂದರು. ಫೋನನ್ನು ತಾವೇ ಮಾಡಿದರು.

ಅಂದುಕೊಂಡಂತೆಯೇ ಆಯಿತು. ಬಂದವರು ಸೌಮ್ಯವಾಗಿಯೇ ಮಾತಾಡಿದರು. ಅಳತೆ ತೆಗೆದರು, ಫೋಟೊ ತೆಗೆದರು. ಟೈರಿನ ಗುರುತು ನಮ್ಮ ಪಿಕಪ್ಪಿನ ಟೈರಿನ ಹಾಗೆಯೇ ಇತ್ತು. ಆ ದಾರಿಯ ಅರ್ಧ ಗಾಡಿಗಳಿಗೆ ಅದೇ ಟೈರು. ಆದರೂ ವಿಚಾರಣೆ ಮುಗಿಯುವವರೆಗೆ ಇರಲಿ ಎಂದು ಅದ್ರಾಮಣ್ಣನ ರೆಸಿಡೆಂಟ್ ಕಾರ್ಡ್ ಮತ್ತು ಫೋನ್ ತೆಗೆದುಕೊಂಡರು. ಠಾಣೆಗೆ ಬರಹೇಳಿದರು.

ಬೀಗ ಮುರಿದ ದಿನದ ಹಿಂದಿನ ಸಂಜೆ ಅದ್ರಾಮಣ್ಣ ಪಂಪಿನ ಸೀಲ್ ತರಲು ಅಲ್ ಖೌದ್‌ಗೆ ಬಂದಿದ್ದರು. ಹಾಗೇ ನಮ್ಮ ಫ್ಲ್ಯಾಟಿಗೆ ಬಂದು ಒಂದು ಚೀಲ ಅಲಸಂದೆ ಕಾಯಿ ಕೊಟ್ಟು, ಚಹಾ ಕುಡಿದು, ಅಲ್ಲೇ ಪಕ್ಕದಲ್ಲಿದ್ದ ತಮ್ಮೂರಿನವರ ರೂಮಿನಲ್ಲಿ ಉಳಿದು, ಬೆಳಿಗ್ಗೆ ನನ್ನನ್ನು ಕರೆದುಕೊಂಡೇ ಹೊರಟಿದ್ದರು. ಇದನ್ನು ಹೇಳಲು ನಾನು ಠಾಣೆಗೆ ಹೋಗಬೇಕಿತ್ತು. ಪ್ರಸನ್ನ ಮೊದಲು ಹಿಂಜರಿದರು. "ಪೊಲೀಸ್ ವ್ಯವಹಾರ, ಪರದೇಶ. ನನ್ನ ವೀಸಾದ ಮೇಲೆ ನೀವಿಬ್ಬರೂ ಇದ್ದೀರಿ" ಎಂದರು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು, "ನಡಿ, ನಾನೂ ಬರ್ತೀನಿ. ನಮ್ಮನೆ ಚಹಾ ಕುಡಿದದ್ದು ನಾನೂ ನೋಡಿದ್ದೀನಲ್ಲ" ಎಂದರು.

ಠಾಣೆಯ ಕಾರಿಡಾರಿನಲ್ಲಿ ಅದ್ರಾಮಣ್ಣನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರ್ಬಾಬ್ ಕೂತಿದ್ದರು. ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದು ಅಧಿಕಾರಿಗಳು ಎಷ್ಟು ಕರೆದರೂ ಏಳುತ್ತಿರಲಿಲ್ಲವಂತೆ. ನಾನು ಹೇಳಿದ್ದನ್ನು ಬರೆದುಕೊಂಡರು. ಪಂಪಿನ ಅಂಗಡಿಯ ಕ್ಯಾಮೆರಾ ನೋಡುತ್ತೇವೆ ಎಂದರು. ನೋಡುವಷ್ಟರಲ್ಲಿ ವಾರವೇ ಕಳೆಯಿತು. ಆ ವಾರ ಅದ್ರಾಮಣ್ಣ ಅರ್ಬಾಬರ ಫೋನಿನಿಂದಲೇ ಊರಿಗೆ ಮಾತಾಡುತ್ತಿದ್ದರು. "ಇಲ್ಲ ಇಲ್ಲ, ಫೋನು ಹಾಳಾಗಿದೆ, ಮತ್ತೆಂತ ಇಲ್ಲ" ಎಂದು ಹೆಂಡತಿಗೆ ಬ್ಯಾರಿಯಲ್ಲಿ ಸುಳ್ಳು ಹೇಳುವುದು ನನಗೂ ಅರ್ಥವಾಗುತ್ತಿತ್ತು. ಟಿಕೆಟ್ಟಿನ ದಿನ ಬಂತು, ಹೋಯಿತು. ಅವರು ಅಂದು ಡ್ರಿಪ್ ಪೈಪಿನ ತೂತುಗಳನ್ನು ಒಂದೊಂದಾಗಿ ಸೂಜಿಯಲ್ಲಿ ಬಿಡಿಸುತ್ತ ಕೂತಿದ್ದರು.

ಕೊನೆಗೆ ಕಾರ್ಡು ಮತ್ತು ಫೋನನ್ನು ವಾಪಸು ತಂದುಕೊಟ್ಟವನು ರೇಂಜರ್‌ಗಳಲ್ಲೇ ಹಿರಿಯ. ಅದ್ರಾಮಣ್ಣನ ಕೈ ಕುಲುಕಿ ಕ್ಷಮೆ ಕೇಳಿದ. ಆಮೇಲೆ ಹಸಿರು ಪಟ್ಟಿಗಳನ್ನೂ ಅವುಗಳಾಚೆಯ ರಸ್ತೆಯನ್ನೂ ನೋಡುತ್ತ ಅರ್ಬಾಬರಿಗೆ ಅರೇಬಿಕ್‌ನಲ್ಲಿ ಏನೋ ಹೇಳಿದ. ಅರ್ಬಾಬ್ ನಮಗೆ ಹಿಂದಿಯಲ್ಲಿ ಹೇಳಿದರು:

"ನಾನು ದಿನವೂ ಬೆಳಿಗ್ಗೆ ಬಂದು ಇಲ್ಲಿ ನಿಲ್ಲಲಾರೆ ಎನ್ನುತ್ತಿದ್ದಾನೆ. ಗಾಡಿ ಕಂಡರೆ ಓಡದ ಗಜಾಲ್ ಬದುಕುವುದಿಲ್ಲ ಎನ್ನುತ್ತಿದ್ದಾನೆ. ಒಂದು ಹೋಯಿತು, ಉಳಿದವೂ ಹೋಗುತ್ತವೆ."

ಕುದುರೆ ಮೆಂತ್ಯ ನೇರಳೆ ಹೂ ಬಿಟ್ಟಿತ್ತು. ಅಷ್ಟು ಚೆನ್ನಾದ ಬೆಳೆಯನ್ನು ನಾನು ಜೀವನದಲ್ಲಿ ಬೆಳೆದಿರಲಿಲ್ಲ.

"ಖಲಾಸ್" ಎಂದರು ಅರ್ಬಾಬ್. "ಕೊಯ್ದುಬಿಡಿ."

ಮೂರು ಪಟ್ಟಿಯನ್ನೂ ಕೊಯ್ದೆವು. ಹೂವಿನ ಸಮೇತ ಕಂತೆ ಕಟ್ಟಿ ಸುತ್ತಲಿನ ಆಡಿನ ಮನೆಗಳಿಗೆ ಹಂಚಿದೆವು. ಇಡೀ ಪಿಕಪ್, ನನ್ನ ಬಟ್ಟೆ, ಕೂದಲು ಎಲ್ಲ ಆ ವಾಸನೆ. ತೊಟ್ಟಿಯ ನೀರು ನಿಲ್ಲಿಸಿದೆವು. ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆವು. ಮರುದಿನ ಜಿಂಕೆಗಳು ಬಂದು ಬರಿಯ ಕೂಳೆಯ ನಡುವೆ ನಿಂತು ನಮ್ಮ ಗಾಡಿಯ ಕಡೆ ನೋಡುತ್ತಿದ್ದವು.

ಅದ್ರಾಮಣ್ಣ ಹಾರ್ನ್ ಒತ್ತಿ ಹಿಡಿದರು. ನಾನು ಎಣ್ಣೆಯ ಡಬ್ಬ ತೆಗೆದುಕೊಂಡು ಇಳಿದೆ. ಸ್ಪ್ಯಾನರಿನಿಂದ ಡಬ್ಬ ಬಡಿಯುತ್ತ, ಹುಣಸೂರಿನ ಹೊಲದಲ್ಲಿ ಕೂಗುತ್ತಿದ್ದ ಹಾಗೇ ಕೂಗುತ್ತ ಅವುಗಳ ಮೇಲೆ ನುಗ್ಗಿದೆ. ಅವು ಸ್ವಲ್ಪ ದೂರ ಓಡಿ ನಿಂತು ತಿರುಗಿ ನೋಡಿದವು. ಒಂದು ಹೆಣ್ಣಂತೂ ನಿಂತಲ್ಲಿಂದ ಕದಲಲಿಲ್ಲ. ನಾನು ಕಲ್ಲೆತ್ತಿ ಬೀಸಿದೆ. ಅದರ ಕಾಲಿನ ಹತ್ತಿರ ಬಿದ್ದು ಪುಟಿಯಿತು. ಅದು ಕಲ್ಲನ್ನು ನೋಡಿತು, ನನ್ನನ್ನು ನೋಡಿತು. ಇವಳಿಗೇನಾಯಿತು ಎಂಬ ಹಾಗೆ ನೋಡಿತು ಎಂದೇ ನನಗನ್ನಿಸಿತು. ಹಿಂದೆ ಅರ್ಬಾಬ್ ಕೋಲಿನಿಂದ ಗಾಡಿಯ ಬಾಗಿಲನ್ನು ದಡದಡ ಬಡಿಯುತ್ತಿದ್ದರು. "ಯಲ್ಲಾ! ಯಲ್ಲಾ! ರೂಹ್!" ಹೋಗಿ, ಹೋಗಿ ಎಂದು ಕಿರುಚುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಎಷ್ಟು ಬೆಳಿಗ್ಗೆ ಹಾಗೆ ಮಾಡಿದೆವೋ ಲೆಕ್ಕವಿಲ್ಲ. ಒಂದೊಂದು ದಿನವೂ ಭಯ, ಇಂದು ಬೇರೆ ಯಾರಾದರೂ ನಮಗಿಂತ ಮುಂಚೆ ಬಂದಿರುತ್ತಾರೋ ಎಂದು. ಆ ನಡುವೆಯೇ ಊರಿನಿಂದ ಫೋನ್ ಬಂತು, ಅದ್ರಾಮಣ್ಣನ ಮಗಳಿಗೆ ಹೆರಿಗೆಯಾಗಿತ್ತು, ಹೆಣ್ಣುಮಗು. ಅವರು ಅಳುತ್ತ ನಗುತ್ತ, "ಈ ಸಲವೂ ತಪ್ಪಿತಲ್ಲ ಅಕ್ಕ" ಎಂದರು. ಅರ್ಬಾಬ್ ಅಂದೇ ಅವರಿಗೆ ಹೊಸ ಟಿಕೆಟ್ ತೆಗೆಸಿದರು.

ಅವರು ಹೊರಡುವ ಮುಂಚಿನ ಬೆಳಿಗ್ಗೆ ಮೂವರೂ ಹೋದೆವು. ಗೇಟಿಗೆ ಇನ್ನೂ ದೂರವಿತ್ತು. ಇಂಜಿನ್ ಸದ್ದು ವಾದಿಯ ಕಲ್ಲುಗಳಿಗೆ ತಾಗಿದ್ದೇ ತಡ, ಇಳಿಜಾರಿನಲ್ಲಿದ್ದ ಕಂದು ಚುಕ್ಕೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಗುಡ್ಡದ ನೆತ್ತಿ ದಾಟುವವರೆಗೆ ಒಂದೂ ನಿಲ್ಲಲಿಲ್ಲ.

"ಏನಾಯಿತು?" ಎಂದರು ಅರ್ಬಾಬ್.

"ಓಡಿಹೋದವು."

"ತಿರುಗಿ ನೋಡಿದವಾ?"

"ಇಲ್ಲ ಅರ್ಬಾಬ್. ಒಂದೂ ನೋಡಲಿಲ್ಲ."

"ಜೈನ್" ಎಂದರು. ಒಳ್ಳೆಯದಾಯಿತು ಎಂದು.

ಕೊಂದವರು ಸಿಕ್ಕಲಿಲ್ಲ. ಇನ್ನೊಂದು ವಾದಿಯಲ್ಲಿ ಯಾರನ್ನೋ ಹಿಡಿದರು ಎಂದು ಆಮೇಲೆ ಕೇಳಿದೆವು. ಅವರೇ ಇವರೋ ಅಲ್ಲವೋ ಗೊತ್ತಾಗಲಿಲ್ಲ. ಆ ಬೇಸಿಗೆಯೆಲ್ಲ ಬಿಸಿಲು ನೋಡಿದರೂ ನನಗೆ ಯೋಚನೆ. ನಮ್ಮ ನೀರಿನ ರುಚಿ ಕಂಡವು ಎಲ್ಲಿ ಕುಡಿಯುತ್ತವೋ, ನಾವು ಓಡಿಸಿದ್ದಕ್ಕೆ ಎಲ್ಲಿ ಸಾಯುತ್ತವೋ ಎಂದು.

ಮುಂದಿನ ಅಕ್ಟೋಬರಿನಲ್ಲಿ ಅರ್ಬಾಬ್ ಮತ್ತೆ ನರ್ಸರಿಗೆ ಬಂದರು. ಈ ಸಲ ಬಾರ್ಲಿ ಕೇಳಲಿಲ್ಲ. ರೇಂಜರ್‌ನೊಂದಿಗೆ ಮಾತಾಡಿಕೊಂಡು ಬಂದಿದ್ದರು. ಗುಡ್ಡದ ಒಳಗೆ, ಗಾಡಿ ಹೋಗಲಾರದ ಕಡೆ, ಅಲ್ಲಿನದೇ ಗಿಡಗಳ ಬೀಜ ಹಾಕಬಹುದಂತೆ. ನೀರು ಹಾಯಿಸಬಾರದು, ಕಾಯಬಾರದು. ಮಳೆ ಬಂದರೆ ಬಂತು.

ಊರಿನಿಂದ ಮರಳಿದ್ದ ಅದ್ರಾಮಣ್ಣ ವಾದಿಯ ತಿರುವಿನವರೆಗೆ ಗಾಡಿ ಬಿಟ್ಟರು. ಅಲ್ಲಿಂದ ಮುಂದೆ ಅರ್ಬಾಬರ ಮಂಡಿ ಒಪ್ಪಲಿಲ್ಲ. ಅವರೊಬ್ಬರನ್ನೇ ಅಲ್ಲಿ ಬಿಡಲಾಗದೆಂದು ಅದ್ರಾಮಣ್ಣನೂ ಉಳಿದರು. ಚೀಲ ಹೆಗಲಿಗೇರಿಸಿ ನಾನೊಬ್ಬಳೇ ಹತ್ತಿದೆ. ಕಲ್ಲುಗಳ ನಡುವೆ, ನೆರಳು ಬೀಳುವ ಕಡೆ, ಮಳೆನೀರು ನಿಲ್ಲುವ ಗುಳಿಗಳಲ್ಲಿ ಬೀಜ ಒತ್ತುತ್ತ ಹೋದೆ. ಅದು ಮೊಳೆಯುವುದೋ, ಇಲಿ ತಿನ್ನುವುದೋ ಏನೂ ಗೊತ್ತಿಲ್ಲ. ಇಳಿದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಅರ್ಬಾಬ್ ಗಾಡಿಯ ಬಾಗಿಲು ತೆರೆದು ಕಾಯುತ್ತಿದ್ದರು. ನೀರಿನ ಬಾಟಲಿ ನನ್ನ ಕೈಗಿತ್ತು, ಮುಂದಕ್ಕೆ ಬಾಗಿ ಕೇಳಿದರು, "ಎಲ್ಲಿ ಹಾಕಿದೆ?"

ನಾನು ಪೂರ್ತಿ ಬಾಟಲಿ ಕುಡಿದು ಮುಗಿಸಿದೆ. "ಯಾರಿಗೂ ಹೇಳೋದಿಲ್ಲ ಅರ್ಬಾಬ್" ಎಂದೆ.

ಅವರು ನನ್ನ ಮುಖದ ಕಡೆಗೇ ನೋಡುತ್ತಿದ್ದರು. ಆಮೇಲೆ ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು, ಆ ಚಳಿಗಾಲದುದ್ದಕ್ಕೂ ನಾನು ಕೇಳಿರದ ನಗು. "ಸಹ್" ಎಂದರು. "ಸರಿ. ನನಗೂ ಹೇಳಬೇಡ."